ತವರಿನಿಂದ ಬಂದ ಹಾಡುಗಳು

ಹಳೆಯ ಮನೆಯ ಅಟ್ಟದ ಮೇಲೆ ಏನೇನಿರುವುದೆಂಬುದನ್ನು ಗೃಹಸ್ಥರಾದ ವಾಚಕರಿಗೆ ನಾವು ವಿವರಿಸಿ ಹೇಳಬೇಕಾದುದಿಲ್ಲ. ಕಾಲು ಮುರಿದ ತೊಟ್ಟಿಲು, ಕಿವಿ ಹೋದ ಕೊಳಗ, ಹಳೆಯ ಪಂಚಾಂಗಗಳ ಕಟ್ಟು, ಯಾರೂ ಬಳಸದ ಮತ್ತು ಯಾರೂ ಎಸೆಯಲೊಪ್ಪದ ನೂರು ವಸ್ತುಗಳು ಅಲ್ಲಿ ಮನೆಮಾಡಿಕೊಂಡಿರುವುವು. ಹಾಸನ ಸೀಮೆಯಲ್ಲಿರುವ ನಮ್ಮ ಹಿರಿಯರ ಮನೆಯ ಹೆಂಚನ್ನು ಇಳಿಸಿ ರಿಪೇರಿ ಮಾಡಿಸಬೇಕಾಗಿ ಬಂದಾಗ, ಒಡಹುಟ್ಟಿದ ನಾವು ಮೂವರೂ ಕೂಡಿ ಅಟ್ಟವನ್ನು ಬರಿದುಮಾಡಲು ತೊಡಗಿದೆವು. ಆಗ ತಗಡಿನ ಟ್ರಂಕೊಂದರಲ್ಲಿ, ಹಳೆಯ ಸೀರೆಯ ಮಡಿಕೆಗಳ ನಡುವೆ, ಹದಿನಾಲ್ಕು ಗ್ರಾಮಫೋನ್ ತಟ್ಟೆಗಳು ದೊರೆತುವು. ಅವು ನಮ್ಮ ತಾಯಿಯವರ ಆಸ್ತಿ.

ಆಸ್ತಿಯೆಂಬ ಮಾತನ್ನು ನಾವು ವಿಚಾರಮಾಡಿಯೇ ಬಳಸಿರುವೆವು. ತಾಯಿಯವರ ವಿವಾಹವಾದುದು ೧೯೫೮ರಲ್ಲಿ. ಅವರಿಗೆ ಒಬ್ಬನೇ ತಮ್ಮ. ಆತನಿಗೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸ. ಗೌರಿಯ ಹಬ್ಬಕ್ಕೆ ತವರಿನ ಬಾಗಿನವನ್ನು ಹೊತ್ತು ಪ್ರತಿವರ್ಷವೂ ತಪ್ಪದೆ ಬರುತ್ತಿದ್ದ ನಮ್ಮ ಸೋದರಮಾವನು, ಅರಿಸಿನ ಕುಂಕುಮ ರವಕೆಯ ಕಣಗಳೊಡನೆ ಕಾಗದದ ಚೀಲದಲ್ಲಿಟ್ಟ ಒಂದು ತಟ್ಟೆಯನ್ನೂ ಅಕ್ಕನ ಕೈಗೆ ಕೊಡುತ್ತಿದ್ದನು. ಮನೆಯವರೆಲ್ಲರೂ ಅದನ್ನು ‘ಪ್ಲೇಟು’ ಎನ್ನುತ್ತಿದ್ದರು. ಅದರಲ್ಲಿರುತ್ತಿದ್ದುದು ಆಗಿನ ಕನ್ನಡ ಚಿತ್ರಗಳ ಹಾಡುಗಳು. ಹೀಗೆ ೧೯೫೮ರಿಂದ ೧೯೭೦ರ ವರೆಗೆ ಹದಿಮೂರು ತಟ್ಟೆಗಳು ಬಂದುವು. ಹದಿನಾಲ್ಕನೆಯದರ ಸಂಗತಿ ಬೇರೆ. ಅದನ್ನು ಮುಂದೆ ಹೇಳುವೆವು.

ಹಾಡುಗಳು ಮನೆಯೊಳಕ್ಕೆ ಬಂದುವಾದರೂ ಚಿತ್ರಗಳನ್ನು ತಾಯಿಯವರು ನೋಡಲಿಲ್ಲ. ನಮ್ಮ ಮನೆಯ ಹೆಂಗಸರು ಸಿನಿಮಾ ಡೇರೆಗೆ ಹೋಗತಕ್ಕದ್ದಲ್ಲವೆಂಬುದು ಅಜ್ಜನವರ ಕಟ್ಟಳೆ. ತಂದೆಯವರು ಉಪಾಧ್ಯಾಯರು, ಸಂಗೀತದಲ್ಲಿ ಆಸಕ್ತಿಯುಳ್ಳವರು. ಕೀಲಿ ತಿರುಗಿಸುವ ಗ್ರಾಮಫೋನೊಂದನ್ನು ಕೀರ್ತನೆಗಳ ತಟ್ಟೆಗಳಿಗಾಗಿ ಮೊದಲೇ ಕೊಂಡಿಟ್ಟಿದ್ದರು. ರಾತ್ರಿ ಊಟವಾದ ಮೇಲೆ ತಾವೇ ಕೀಲಿಕೊಟ್ಟು, ಹೊಸ ಮುಳ್ಳನ್ನು ಸಿಕ್ಕಿಸಿ, ತಾಯಿಯವರ ತಟ್ಟೆಗಳನ್ನೂ ಬೇಸರವಿಲ್ಲದೆ ಹಾಕುತ್ತಿದ್ದರು. ಒಂದು ಮುಳ್ಳು ಒಂದು ಮಗ್ಗುಲಿಗೆ ಮಾತ್ರ. ಎರಡನೆಯ ಸಲ ಅದನ್ನೇ ಹಾಕಿದರೆ ತಟ್ಟೆಯ ಗೆರೆ ಸವೆಯುವುದೆಂದು ನಮಗೆ ಕಲಿಸಿದವರು ಅವರೇ. ಆದರೆ ಆ ಹಾಡುಗಳು ಯಾವ ಕಥೆಯವೆಂದು ಅವರೂ ಕೇಳಲಿಲ್ಲ, ತಾಯಿಯವರೂ ಹೇಳಲಿಲ್ಲ. ಸೋದರಮಾವನಾದರೋ ಚಿತ್ರಗಳನ್ನೆಲ್ಲ ನೋಡಿದವನು, ಆದರೂ, “ಕಥೆಯನ್ನು ಮಾತ್ರ ನಾನು ಹೇಳುವುದಿಲ್ಲ ಅಕ್ಕಾ. ಭಾವನವರು ಕರೆದುಕೊಂಡು ಹೋಗಿ ತೋರಿಸಲಿ,” ಎಂದು ನಕ್ಕುಬಿಡುತ್ತಿದ್ದನು. ಕಾದಂಬರಿಗಳನ್ನು ಓದಿದ್ದರೆ ಕಥೆ ತಿಳಿಯುತ್ತಿರಲಿಲ್ಲವೇ ಎಂದು ವಾಚಕರು ಕೇಳಬಹುದು. ನಮ್ಮ ಮನೆಗೆ ಬರುತ್ತಿದ್ದುದು ಭಾರತ, ರಾಮಾಯಣ, ವೃತ್ತಪತ್ರಿಕೆಗಳು ಮಾತ್ರ. ಮುಂದೆ ದೂರದರ್ಶನ ಬಂದಿತಾದರೂ, ಒಲೆಯ ಮುಂದಿನಿಂದ ಎದ್ದುಬಂದು ನೋಡಿದುದು ತುಂಡುತುಂಡಾಗಿ. ಆದಿಯಿಂದ ಅಂತ್ಯದ ವರೆಗೆ ಅವರು ಒಂದು ಚಿತ್ರವನ್ನೂ ಕಂಡವರಲ್ಲ.

ಹೀಗಿರಲು ತಾಯಿಯವರು ಒಂದು ಉಪಾಯವನ್ನು ಮಾಡಿಕೊಂಡಿದ್ದರು. ಪ್ರತಿಯೊಂದು ಹಾಡಿಗೂ ತಾವೇ ಒಂದೊಂದು ಕಥೆಯನ್ನು ಕಟ್ಟಿಕೊಂಡಿದ್ದರು! ಈ ಸಂಗತಿ ನಮಗೆ ತಿಳಿದುದು ಟ್ರಂಕು ದೊರೆತ ದಿನವೇ. ಅವರೀಗ ಎಂಬತ್ತೈದು ದಾಟಿದವರು.

ನಮ್ಮಲ್ಲಿಯೂ ಒಂದು ಸಂಗ್ರಹವುಂಟು. ಪಟ್ಟಣಗಳಲ್ಲಿ ಓದುವಾಗಿನಿಂದ ಮೆಚ್ಚಿದ ಹಳೆಯ ಕನ್ನಡ ಚಿತ್ರಗಳ ಮುದ್ರಿಕೆಗಳನ್ನು ನಾವು ಕೊಂಡಿಡುತ್ತ ಬಂದಿರುವೆವು. ತಾಯಿಯವರಲ್ಲಿ ಚಿತ್ರವಿಲ್ಲದ ಹಾಡುಗಳು, ನಮ್ಮಲ್ಲಿ ಆ ಹಾಡುಗಳ ಚಿತ್ರಗಳು. ಎರಡೂ ಇಷ್ಟು ವರ್ಷ ಒಂದೇ ಕುಟುಂಬದಲ್ಲಿದ್ದರೂ ಒಂದನ್ನೊಂದು ಕಂಡಿರಲಿಲ್ಲ. ಐದು ಭಾನುವಾರಗಳನ್ನು ಗೊತ್ತುಮಾಡಿದೆವು. ಮೊದಲು ತಟ್ಟೆಯನ್ನು ಕೇಳುವುದು, ಬಳಿಕ ತಾಯಿಯವರು ತಮ್ಮ ಕಥೆಯನ್ನು ಹೇಳುವುದು, ಆಮೇಲೆ ಚಿತ್ರವನ್ನು ನೋಡುವುದು. ಗ್ರಾಮಫೋನಿನ ಸ್ಪ್ರಿಂಗು ತುಂಡಾಗಿದ್ದಿತು. ಅದನ್ನು ಸರಿಪಡಿಸಿಕೊಡಬಲ್ಲ ಕುಶಲಿಯೊಬ್ಬರು ಮೈಸೂರಿನಲ್ಲಿ ದೊರೆತುದು ನಮ್ಮ ಪುಣ್ಯ.

ಮೊದಲನೆಯ ಭಾನುವಾರ ‘ಬೇಡರ ಕಣ್ಣಪ್ಪ’. ಇದೊಂದನ್ನು ಮಾತ್ರ ತಾಯಿಯವರು ವಿವಾಹಕ್ಕೆ ಮುಂಚೆ ತವರಿನಲ್ಲಿ, ತಮ್ಮನೊಡನೆ ಡೇರೆಯ ಮರಳಿನ ಮೇಲೆ ಕುಳಿತು ನೋಡಿದ್ದರು. ಆದಕಾರಣವೇ ಆತನು ತಂದ ಮೊದಲನೆಯ ತಟ್ಟೆ ಅದರದು. ೧೯೫೪ರಲ್ಲಿ ತೆರೆಕಂಡ ಈ ಚಿತ್ರವನ್ನು ನಿರ್ದೇಶಿಸಿದವರು ಎಚ್. ಎಲ್. ಎನ್. ಸಿಂಹ ಅವರು; ಸಂಗೀತ ಆರ್. ಸುದರ್ಶನಂ ಅವರದು. ಗುಬ್ಬಿಯ ನಾಟಕ ಕಂಪನಿಯ ರಂಗದಿಂದ ಬಂದ ಮುತ್ತುರಾಜರೆಂಬ ತರುಣರು ರಾಜ್‌ಕುಮಾರರೆಂಬ ಹೆಸರಿನಿಂದ ನಾಯಕರಾದುದು ಇದರಲ್ಲಿಯೇ. ಬೇಡನು ತನ್ನ ಕಣ್ಣನ್ನು ಶಿವನಿಗೆ ಅರ್ಪಿಸುವ ಭಾಗ ಬಂದಾಗ ತಾಯಿಯವರು ಅಭ್ಯಾಸಬಲದಿಂದ ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳ ಕಣ್ಣನ್ನು ಕೈಯಿಂದ ಮುಚ್ಚಿದರು. ಡೇರೆಯಲ್ಲಿ ಹೆಂಗಸರೆಲ್ಲರೂ ಮಕ್ಕಳಿಗೆ ಹಾಗೆಯೇ ಮಾಡಿದ್ದರಂತೆ. ಮೊಮ್ಮಗಳಿಗೆ ಇಪ್ಪತ್ತೆರಡು ವರ್ಷ!

ಎರಡನೆಯ ಭಾನುವಾರದ ಚಿತ್ರ ‘ನಾಂದಿ’. ೧೯೬೪ರಲ್ಲಿ ಎನ್. ಲಕ್ಷ್ಮೀನಾರಾಯಣರು ನಿರ್ದೇಶಿಸಿದ ಈ ಚಿತ್ರಕ್ಕೆ ಸಂಗೀತ ನೀಡಿದವರು ವಿಜಯಭಾಸ್ಕರರು. ಅದರಲ್ಲಿ ಮಗುವನ್ನು ಕುರಿತು ಹಾಡುವ ಹಾಡೊಂದುಂಟು, ರಚಿಸಿದವರು ಆರ್. ಎನ್. ಜಯಗೋಪಾಲರು, ಹಾಡಿದವರು ಪಿ. ಬಿ. ಶ್ರೀನಿವಾಸರು. ನಮ್ಮನ್ನು ತೊಟ್ಟಿಲಲ್ಲಿ ತೂಗುವಾಗ ತಾಯಿಯವರು ಹಾಡುತ್ತಿದ್ದುದು ಇದನ್ನೇ. ಅವರು ಕಟ್ಟಿಕೊಂಡಿದ್ದ ಕಥೆ ಹೀಗೆ: “ಗಂಡಸು ಜೋಗುಳ ಹಾಡಬೇಕಾಗಿ ಬಂದರೆ ಆ ಮನೆಯಲ್ಲಿ ತಾಯಿಯಿಲ್ಲವೆಂದೇ ಅರ್ಥ. ಪಾಪ, ಹೆತ್ತವಳು ತೀರಿಹೋಗಿದ್ದಾಳೆ. ಅವನು ಅಡಿಗೆಯನ್ನೂ ಮಾಡಿ ಮಗುವನ್ನೂ ಮಲಗಿಸಬೇಕು.” ಈ ಕಥೆಯನ್ನು ನಂಬಿ ಅವರು ಎಷ್ಟೋ ರಾತ್ರಿ ಆ ಗಂಡಸಿಗಾಗಿ ಮರುಗಿದ್ದುಂಟಂತೆ.

ಚಿತ್ರದಲ್ಲಿರುವುದು ಬೇರೆ. ರಾಜ್‌ಕುಮಾರರು ಅಭಿನಯಿಸಿದ ಉಪಾಧ್ಯಾಯನು ಮೊದಲನೆಯ ಹೆಂಡತಿಯನ್ನು ಕಳೆದುಕೊಂಡು, ಕಿವಿ ಕೇಳದ, ಮಾತು ಬಾರದ ಹೆಣ್ಣನ್ನು ಮದುವೆಯಾಗುವನು. ಆ ಪಾತ್ರದಲ್ಲಿ ಹರಿಣಿಯವರು ಒಂದು ಮಾತನ್ನೂ ಆಡದೆ ಕಣ್ಣು ಕೈಗಳಿಂದಲೇ ಎಲ್ಲವನ್ನೂ ನುಡಿದಿರುವರು. ಮನೆಯಲ್ಲಿ ತಾಯಿಯಿದ್ದಾಳೆ, ಆದರೆ ಆ ಹಾಡು ಅವಳ ಪಾಲಿಗಿಲ್ಲ. ಚಿತ್ರ ಮುಗಿದ ಮೇಲೆ ನಮ್ಮ ತಾಯಿಯವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಅವಳಿಗೆ ಎಲ್ಲವೂ ಕಾಣಿಸುತ್ತಿತ್ತು, ಹಾಡು ಮಾತ್ರ ಕೇಳಿಸಲಿಲ್ಲ. ನನಗೆ ಹಾಡು ಮಾತ್ರ ಕೇಳಿಸಿತು,” ಎಂದರು. ದೂರುವ ಧ್ವನಿಯಲ್ಲಿ ಹೇಳಿದ ಮಾತಲ್ಲ ಅದು. ಕೇಳಿದ ನಮಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ.

ಮೂರನೆಯದು ‘ಸಂಧ್ಯಾರಾಗ’. ಅ. ನ. ಕೃಷ್ಣರಾಯರ ಕಾದಂಬರಿಯನ್ನು ಅವಲಂಬಿಸಿ ೧೯೬೬ರಲ್ಲಿ ಬಂದ ಈ ಚಿತ್ರವು, ಸಂಗೀತವನ್ನೇ ಬಾಳಾಗಿ ಮಾಡಿಕೊಂಡ ಲಕ್ಷ್ಮಣನೆಂಬ ಯುವಕನ ಕಥೆ. ಜಿ. ಕೆ. ವೆಂಕಟೇಶರ ಸಂಗೀತದಲ್ಲಿ, ಗದಗಿನ ಸೀಮೆಯಲ್ಲಿ ಹುಟ್ಟಿ ಹಿಂದುಸ್ಥಾನಿ ಸಂಗೀತದ ಶಿಖರವೇರಿದ ಭೀಮಸೇನ ಜೋಶಿಯವರೂ, ಕರ್ಣಾಟಕ ಸಂಗೀತದ ವಿದ್ವಾಂಸರಾದ ಬಾಲಮುರಳೀಕೃಷ್ಣರೂ ಈ ಒಂದೇ ಚಿತ್ರಕ್ಕೆ ಹಾಡಿರುವರು. ಧಾರವಾಡದ ಕಡೆಯ ಸಂಗೀತವೂ ಮೈಸೂರಿನ ಕಡೆಯ ಸಂಗೀತವೂ ಕೂಡಿ ಬಾಳುವ ನಮ್ಮ ನಾಡಿಗೆ ಇದು ಎಷ್ಟು ಒಪ್ಪುವ ಏರ್ಪಾಡೆಂಬುದನ್ನು ಸಂಗೀತಪ್ರಿಯರಾದ ವಾಚಕರು ತಾವೇ ಬಲ್ಲರು. ಹದಿಮೂರು ತಟ್ಟೆಗಳಲ್ಲಿ ತಂದೆಯವರು ತಾವಾಗಿಯೇ ಕೇಳಿ ಹಾಕಿಸಿಕೊಳ್ಳುತ್ತಿದ್ದುದು ಇದೊಂದನ್ನೇ. ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳಹಾಕುತ್ತ, “ಇದು ಸಿನಿಮಾದ್ದೆಂದರೆ ಯಾರು ನಂಬುತ್ತಾರೆ!” ಎನ್ನುತ್ತಿದ್ದರಂತೆ. ಈ ಹಾಡಿಗೆ ತಾಯಿಯವರು ಕಥೆಯನ್ನೇ ಕಟ್ಟಿರಲಿಲ್ಲ. “ನಿಮ್ಮ ತಂದೆಯವರು ತಾಳ ಹಾಕುವುದನ್ನು ನೋಡುತ್ತಿದ್ದೆ. ಅದೇ ನನಗೆ ಚಿತ್ರ,” ಎಂದುಬಿಟ್ಟರು.

ನಾಲ್ಕನೆಯ ಭಾನುವಾರ ‘ಬೆಳ್ಳಿಮೋಡ’. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲನೆಯ ಚಿತ್ರ, ವರ್ಷ ೧೯೬೭. ತ್ರಿವೇಣಿಯವರು ೧೯೬೩ರಲ್ಲಿಯೇ ತೀರಿಕೊಂಡುದರಿಂದ ತಮ್ಮ ಈ ಕಥೆ ತೆರೆಯೇರಿದುದನ್ನು ಕಾಣಲಿಲ್ಲ. ಬೇಂದ್ರೆಯವರ ‘ಬೆಳಗು’ ಕವಿತೆಗೆ ವಿಜಯಭಾಸ್ಕರರು ರಾಗ ಕೂಡಿಸಿ, ಎಸ್. ಜಾನಕಿಯವರಿಂದ ಹಾಡಿಸಿ, ಮಲೆನಾಡಿನ ಮುಂಜಾನೆಯ ದೃಶ್ಯಕ್ಕೆ ಅದನ್ನು ಹೊಂದಿಸಿರುವರು. ಆ ಹಾಡನ್ನು ಕೇಳಿದ ತಾಯಿಯವರು, ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಗಂಡನ ಮನೆಯಲ್ಲಿ ಮೊದಲನೆಯ ದಿನ ಎಚ್ಚತ್ತು ಬಾಗಿಲಿಗೆ ನೀರು ಹಾಕುವುದನ್ನು ಕಲ್ಪಿಸಿಕೊಂಡಿದ್ದರು. ಅವರ ಕಥೆಯಲ್ಲಿ ಎಲ್ಲವೂ ಮಂಗಳವೇ.

ಚಿತ್ರದಲ್ಲಾದರೋ, ಸಿರಿವಂತರ ಮಗಳಾದ ಇಂದಿರೆಯನ್ನು ಮದುವೆಯಾಗುವೆನೆಂದು ಮಾತುಕೊಟ್ಟು, ಅವಳ ತಂದೆಯ ಹಣದಿಂದಲೇ ಪರದೇಶಕ್ಕೆ ಹೋಗಿ ಓದಿಬಂದವನು, ಅವಳಿಗೆ ತಮ್ಮನು ಹುಟ್ಟಿ ಆಸ್ತಿ ತನಗೆ ಬಾರದೆಂದು ತಿಳಿದೊಡನೆ ಮಾತು ತಪ್ಪುವನು. ಮುಂದೆ ಅವನೇ ಬಿದ್ದು ಕಾಲು ಮುರಿದುಕೊಂಡಾಗ ಇಂದಿರೆ ಶುಶ್ರೂಷೆ ಮಾಡುವಳು. ಆತನು ಪಶ್ಚಾತ್ತಾಪಪಟ್ಟು ಕೈಹಿಡಿಯಲು ಬಂದರೆ ಒಲ್ಲೆನೆನ್ನುವಳು. ಕಲ್ಪನಾ ಅವರು ಈ ಪಾತ್ರವನ್ನು ನಡೆಸಿರುವ ಬಗೆಯನ್ನು ಮರೆಯಲು ಸಾಧ್ಯವಿಲ್ಲ. ಕೊನೆಯ ಭಾಗದಲ್ಲಿ ನಮ್ಮ ಮನೆಯೊಳಗೆ ಪಕ್ಷಗಳಾದುವು. ಕ್ಷಮಿಸಿದ ಮೇಲೆ ಮದುವೆಯಾಗಬಹುದಾಗಿತ್ತೆಂದು ನಮ್ಮಲ್ಲೊಬ್ಬರು, ಕೂಡದೆಂದು ಮೊಮ್ಮಗಳು. ತಾಯಿಯವರು ತೀರ್ಪುಕೊಟ್ಟರು: “ಶುಶ್ರೂಷೆ ಮಾಡಿದಳಲ್ಲ, ಕ್ಷಮೆ ಅಲ್ಲಿಗೆ ಮುಗಿಯಿತು. ಬಾಳು ಬೇರೆ ಮಾತು. ಅವಳು ಬೇಡವೆಂದಳು, ಹೇಳಬೇಕಾದ್ದನ್ನು ಬಾಯಿಬಿಟ್ಟು ಹೇಳಿದಳು.” ಈ ಕೊನೆಯ ಮಾತು ಇಂದಿರೆಯೊಬ್ಬಳನ್ನೇ ಕುರಿತುದಲ್ಲವೆಂಬುದು ನಮಗೆ ತಿಳಿದುದು ಮುಂದಿನ ಭಾನುವಾರ.

ಇಲ್ಲಿ ಯಂತ್ರದ ವಿಷಯವಾಗಿ ಒಂದು ಮಾತು ಅವಶ್ಯ. ಹಳೆಯ ತಟ್ಟೆಗಳು ಅರಗಿನಿಂದ ಮಾಡಿದುವು. ನಿಮಿಷಕ್ಕೆ ೭೮ ಸುತ್ತು ತಿರುಗುವುವು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷದ ಹಾಡು ಹಿಡಿಯುವುದು. ಈ ಮೂರು ನಿಮಿಷದ ಕಟ್ಟಿಗೆ ಒಗ್ಗಿಸುವುದಕ್ಕಾಗಿ ಚಿತ್ರದ ಹಾಡನ್ನು ಕೆಲವು ವೇಳೆ ಮೊಟಕುಮಾಡುತ್ತಿದ್ದುದುಂಟು. ಚಿತ್ರ ನೋಡುವಾಗ ಒಂದೆರಡು ಕಡೆ ತಾಯಿಯವರು, “ಇದು ನನ್ನ ಪ್ಲೇಟಿನಲ್ಲಿ ಇಲ್ಲ!” ಎಂದು ಬೆರಗಾದುದು ಇದರಿಂದಲೇ. ಅಮೆರಿಕದಲ್ಲಿ ೧೯೪೮ರಲ್ಲಿ ೩೩⅓ ಸುತ್ತಿನ, ೧೯೪೯ರಲ್ಲಿ ೪೫ ಸುತ್ತಿನ ಹೊಸ ತಟ್ಟೆಗಳು ಬಂದುವು. ಇವುಗಳ ಗೆರೆ ಬಹು ಸೂಕ್ಷ್ಮ. ಕೀಲಿಯ ಗ್ರಾಮಫೋನಿನ ಭಾರವಾದ ತಲೆಯನ್ನೂ ಉಕ್ಕಿನ ಮುಳ್ಳನ್ನೂ ಇವುಗಳ ಮೇಲೆ ಇಟ್ಟರೆ ಗೆರೆ ಕಿತ್ತುಹೋಗುವುದು. ನಮ್ಮ ದೇಶದಲ್ಲಿ ೧೯೭೦ರ ಸುಮಾರಿಗೆ ೭೮ರ ಕಾಲ ಮುಗಿಯಿತು. ಸೋದರಮಾವನ ಬಾಗಿನದ ತಟ್ಟೆಗಳು ಹದಿಮೂರಕ್ಕೆ ನಿಂತುದು ಈ ಕಾರಣದಿಂದಲೇ.

ಆದರೂ ೧೯೭೮ರ ಗೌರಿಯ ಹಬ್ಬಕ್ಕೆ ಆತನು ಇನ್ನೊಂದನ್ನು ತಂದನು. ಅದು ಹಿಂದಿನ ವರ್ಷ ಬಂದಿದ್ದ ‘ಸನಾದಿ ಅಪ್ಪಣ್ಣ’ ಚಿತ್ರದ ಹೊಸ ಬಗೆಯ ತಟ್ಟೆ. “ಇದಕ್ಕೆ ವಿದ್ಯುತ್ತಿನ ಯಂತ್ರ ಬೇಕು ಅಕ್ಕಾ. ಭಾವನವರಿಗೆ ಹೇಳಿ ಕೊಡಿಸಿಕೋ,” ಎಂದನು. ಮರುವರ್ಷ ಹಬ್ಬಕ್ಕೆ ಮೊದಲೇ ಆತನು ಜ್ವರದಿಂದ ತೀರಿಹೋದನು. ಯಂತ್ರ ಮನೆಗೆ ಬರಲೇ ಇಲ್ಲ. ಮುಂದೆ ಕ್ಯಾಸೆಟ್ಟುಗಳು ಬಂದುವು. ಮನೆಯಲ್ಲಿ ಬೇರೆ ಹಾಡುಗಳು ಕೇಳಿಸಿದುವು. ಆ ತಟ್ಟೆ ಮಾತ್ರ ಒಂದು ಸಲವೂ ತಿರುಗದೆ ಸೀರೆಯ ಮಡಿಕೆಯಲ್ಲಿ ಮಲಗಿಬಿಟ್ಟಿತು.

ಐದನೆಯ ಭಾನುವಾರ ಅದಕ್ಕೆ ತಕ್ಕ ಯಂತ್ರವನ್ನು ಸ್ನೇಹಿತರಿಂದ ಎರವಲು ತಂದು, ತಟ್ಟೆಯನ್ನು ತಾಯಿಯವರ ಕೈಯಿಂದಲೇ ಇಡಿಸಿದೆವು. ಜಿ. ಕೆ. ವೆಂಕಟೇಶರ ಸಂಗೀತ, ಸನಾದಿಯನ್ನು ನುಡಿಸಿದವರು ಕಾಶಿಯ ಉಸ್ತಾದ್ ಬಿಸ್ಮಿಲ್ಲಾ ಖಾನರು. ಚಿತ್ರದಲ್ಲಿ ಹಳ್ಳಿಯ ಸನಾದಿಯವನಾಗಿ ಅಭಿನಯಿಸಿದ ರಾಜ್‌ಕುಮಾರರ ಉಸಿರಿಗೂ ಬೆರಳಿಗೂ ಆ ಮಹಾವಾದಕರ ನಾದ ಹೊಂದಿಕೊಂಡಿರುವ ರೀತಿಯನ್ನು ಎಷ್ಟು ಸಲ ನೋಡಿದರೂ ನಮಗೆ ತೃಪ್ತಿಯಿಲ್ಲ. ತಾಯಿಯವರು ಎರಡು ಮಗ್ಗುಲನ್ನೂ ಕೇಳಿದರು. ಚಿತ್ರವನ್ನು ಹಾಕಲು ನಾವು ಎದ್ದಾಗ ಕೈಸನ್ನೆಯಿಂದ ತಡೆದು, ನಿಧಾನವಾಗಿ ಹೇಳತೊಡಗಿದರು:

“ಯಂತ್ರ ಕೊಡಿಸಿರೆಂದು ನಾನು ಅವರನ್ನು ಕೇಳಲಿಲ್ಲ. ಕೇಳಿದ್ದರೆ ಕೊಡಿಸುತ್ತಿದ್ದರೋ ಏನೋ. ಡೇರೆಗೆ ಕರೆದುಕೊಂಡು ಹೋಗಿರೆಂದೂ ಕೇಳಲಿಲ್ಲ. ಹೋಗಕೂಡದೆಂದವರು ನಿಮ್ಮ ಅಜ್ಜ. ಅವರು ಅರವತ್ತೈದರಲ್ಲಿ ಹೋದರು. ಆಮೇಲೆ ಯಾರೂ ಬೇಡವೆನ್ನಲಿಲ್ಲ. ಅವರು ನನ್ನ ಬಾಯಿಂದ ಬರಲೆಂದು ಕಾದರೋ, ನನಗೆ ಇಷ್ಟವಿಲ್ಲವೆಂದುಕೊಂಡರೋ. ನಾನು ಅವರೇ ಕರೆಯಲಿ ಎಂದು ಕಾದೆ. ನನ್ನ ತಮ್ಮ ಕಥೆ ಹೇಳದೆ ಹೋದದ್ದು ನಾನು ಬಾಯಿಬಿಟ್ಟು ಕೇಳಲಿ ಎಂದೇ. ಅವನಿಗೆ ನನ್ನ ಗುಣ ಗೊತ್ತಿತ್ತು.”

ತಂದೆಯವರು ೧೯೯೮ರಲ್ಲಿ ಕಾಲವಾದರು. ಅವರ ಮನಸ್ಸಿನಲ್ಲಿ ಏನಿದ್ದಿತೆಂದು ಇನ್ನು ಯಾರನ್ನು ಕೇಳುವುದು? ಅವರ ಮೇಲೆ ತಪ್ಪು ಹೊರಿಸುವುದು ಸುಲಭ; ಆದರೆ ನ್ಯಾಯವಾಗಿ ನೋಡಿದರೆ ತಪ್ಪಿನ ಪಾಲು ನಮಗೂ ಉಂಟು. ಪಟ್ಟಣದಲ್ಲಿ ಓದುವಾಗ ಈ ಚಿತ್ರಗಳನ್ನೇ ಎರಡೆರಡು ಸಲ ನೋಡಿ, ರಜೆಗೆ ಊರಿಗೆ ಬಂದು, ತಾಯಿಯವರ ಎದುರಿಗೆ ಅವುಗಳ ಹಾಡುಗಳನ್ನು ಗುನುಗಿದವರು ನಾವು. ಕಥೆ ಏನೆಂದು ಅವರು ಕೇಳಲಿಲ್ಲ. ಬನ್ನಿ, ತೋರಿಸುವೆವೆಂದು ನಾವೂ ಕರೆಯಲಿಲ್ಲ. ಅಮ್ಮನಿಗೆ ಸಿನಿಮಾ ಬೇಡವೆಂದೇ ಎಣಿಸಿದ್ದೆವು. ಕಪಾಟಿನ ತುಂಬ ಚಿತ್ರಗಳನ್ನು ಸಂಗ್ರಹಿಸಿ ಹೆಮ್ಮೆಪಡುತ್ತಿದ್ದ ನಮಗೆ, ಅವನ್ನು ತೋರಿಸಬೇಕಾದ ಮೊದಲನೆಯವರು ಯಾರೆಂಬುದೇ ಹೊಳೆದಿರಲಿಲ್ಲ.

ಈ ಬಗೆಯ ಸಂಗ್ರಹ ನಮ್ಮ ಮನೆಯೊಂದರಲ್ಲಿಯೇ ಇರುವುದಲ್ಲ. ವಾಚಕರಲ್ಲಿ ಹಲವರ ಅಟ್ಟದ ಮೇಲೆಯೂ ಇದ್ದೀತು. ಅಂಥವರಿಗೆ ನಮ್ಮ ಅಲ್ಪ ಅನುಭವದಿಂದ ಕೆಲವು ಸೂಚನೆಗಳನ್ನು ಕೊಡುವೆವು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಬಾರದು. ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿ, ಬಿಸಿಲಿಗೂ ಒಲೆಯ ಕಾವಿಗೂ ದೂರವಿಡಬೇಕು. ಧೂಳನ್ನು ಮೆತ್ತನೆಯ ಒಣ ಬಟ್ಟೆಯಿಂದ ಗೆರೆಯ ಗುಂಟ ಒರಸಬೇಕು. ಅರಗಿನ ತಟ್ಟೆಯನ್ನು ಸ್ಪಿರಿಟಿನಿಂದ ಎಂದಿಗೂ ತೊಳೆಯಬಾರದು. ಅರಗು ಸ್ಪಿರಿಟಿನಲ್ಲಿ ಕರಗುವುದು, ಅದರೊಡನೆ ಹಾಡೂ ಕರಗುವುದು. ಪ್ರತಿಮಾಡಿಸುವಾಗ ೭೮ರ ತಟ್ಟೆಗೆ ಅದರ ಅಗಲವಾದ ಗೆರೆಗೆ ತಕ್ಕ ಮುಳ್ಳನ್ನೇ ಬಳಸುವರೇ ಎಂದು ವಿಚಾರಿಸಿ ಕೊಡಬೇಕು. ಎಲ್ಲಕ್ಕಿಂತ ಮೊದಲು, ಯಾವ ತಟ್ಟೆ ಯಾವಾಗ ಯಾರಿಂದ ಬಂದಿತೆಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆದಿಡಬೇಕು.

ಉದಾಸೀನದಿಂದ ಏನಾಗುವುದೆಂಬುದಕ್ಕೆ ದೊಡ್ಡ ಉದಾಹರಣೆಯೊಂದು ನಮ್ಮ ಕಣ್ಣಮುಂದೆ ಇದೆ. ಕನ್ನಡದಲ್ಲಿ ತೆರೆಕಂಡ ಮೊಟ್ಟಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನಾ’ ೧೯೩೪ನೆಯ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಸುಬ್ಬಯ್ಯನಾಯುಡು ಅವರ ಇಂದ್ರಜಿತು, ನಾಗೇಂದ್ರರಾಯರ ರಾವಣ, ತ್ರಿಪುರಾಂಬೆಯವರ ಸುಲೋಚನೆ ಎಂದು ಪಾತ್ರಗಳ ಪಟ್ಟಿಯನ್ನು ಓದಬಹುದೇ ಹೊರತು ಆ ಚಿತ್ರವನ್ನು ಇನ್ನು ನೋಡುವಂತಿಲ್ಲ. ಅದರ ಒಂದು ಪ್ರತಿಯೂ ಉಳಿದಿಲ್ಲ. ಪುಣೆಯಲ್ಲಿ ಭಾರತದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಸ್ಥಾಪಿತವಾದುದೇ ೧೯೬೪ರಲ್ಲಿ. ನಾಡಿನ ಮೊದಲನೆಯ ಚಿತ್ರಕ್ಕೇ ಈ ಗತಿ ಬಂದ ಮೇಲೆ, ಒಬ್ಬ ಗೃಹಿಣಿ ಮನಸ್ಸಿನಲ್ಲಿ ಕಟ್ಟಿಕೊಂಡ ಹದಿಮೂರು ಕಥೆಗಳನ್ನು ಯಾವ ಸಂಗ್ರಹಾಲಯವು ಕಾಯಬೇಕು? ಆದಕಾರಣ ಮೊಮ್ಮಗಳು ಈಗ ಅವನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿರುವಳು. ‘ನಾಂದಿ’ಯ ತಟ್ಟೆಯ ಹಾಳೆಯಲ್ಲಿ ಎರಡು ಕಥೆಗಳಿವೆ. ಚಿತ್ರದ ಕಥೆ ಒಂದು; ಅಡಿಗೆ ಮಾಡಿ ಮಗುವನ್ನು ಮಲಗಿಸುವ ಗಂಡಸಿನ ಕಥೆ ಇನ್ನೊಂದು. ಎರಡನೆಯದನ್ನು ಹೊಡೆದುಹಾಕಬೇಕೇ ಎಂದು ಅವಳು ಕೇಳಿದಾಗ ತಾಯಿಯವರು, “ಇರಲಿ ಬಿಡು. ಅವನನ್ನು ಇಷ್ಟು ವರ್ಷ ಸಾಕಿದ್ದೇನೆ,” ಎಂದರು.

ಗೃಹಸ್ಥರಲ್ಲಿ ನಮ್ಮ ಅರಿಕೆ ಇಷ್ಟೇ. ನಮ್ಮ ಮನೆಗಳಲ್ಲಿ ಕೇಳದೆ ಇರುವವರು ಬೇಡವೆನ್ನುವವರಲ್ಲ. ಎಂದೋ ಯಾರೋ ಹಾಕಿದ ಕಟ್ಟಳೆ, ಹಾಕಿದವರು ಹೋದ ಮೇಲೆಯೂ, ತೆಗೆಯುವವರಿಲ್ಲದೆ ಉಳಿದುಬಿಡುವುದುಂಟು. ಅದನ್ನು ತೆಗೆಯಲು ದೊಡ್ಡ ಸಾಹಸ ಬೇಡ, ಒಂದು ಮಾತು ಸಾಕು. ಆ ಮಾತನ್ನು ಅವರೇ ಆಡಲೆಂದು ನಾವು ಕಾಯಬಾರದು.

ಐದು ಭಾನುವಾರಗಳು ಮುಗಿದ ಮೇಲೆ, ಯಂತ್ರವನ್ನು ಹಿಂದಿರುಗಿಸಲು ಹೊರಟಿದ್ದ ನಮ್ಮನ್ನು ತಾಯಿಯವರು ಬಾಗಿಲಲ್ಲಿ ನಿಲ್ಲಿಸಿ, “ಮನೆಯ ಪೆಟ್ಟಿಗೆಯಲ್ಲಿ ಸಾಕು. ಒಂದು ಸಲ ದೊಡ್ಡ ತೆರೆಯ ಮುಂದೆ, ಜನರ ನಡುವೆ ಕುಳಿತು ನೋಡಬೇಕು. ಕರೆದುಕೊಂಡು ಹೋಗುತ್ತೀರಾ?” ಎಂದು ಕೇಳಿದರು. ನಮ್ಮ ನೆನಪಿಗೆ ಬರುವಂತೆ ಅವರು ಯಾರನ್ನಾದರೂ ಏನನ್ನಾದರೂ ಕೇಳಿದುದು ಅದೇ ಮೊದಲು. ಅದೇ ವಾರ ಹಾಸನಕ್ಕೆ ಹೋಗಿ ಮೊದಲನೆಯ ಆಟಕ್ಕೆ ಐದು ಟಿಕೆಟು ತೆಗೆಸಿದೆವು. ಚಿತ್ರವೇನೋ ಸಾಧಾರಣದ್ದು, ಹಾಡುಗಳೂ ನೆನಪಿನಲ್ಲಿ ನಿಲ್ಲುವಂಥವಲ್ಲ. ತಾಯಿಯವರು ಮಾತ್ರ ದೀಪ ಆರಿದಂದಿನಿಂದ ಮತ್ತೆ ಹತ್ತುವ ವರೆಗೆ ಕಣ್ಣು ಕದಲಿಸದೆ ಕುಳಿತಿದ್ದರು.